ಕತ್ತರಿಸಿ ಹಾಕಿದ ಹನ್ನೊಂದು ಸೆಕೆಂಡು

೧

ಎಲ್ಲಿಂದ ಶುರು ಮಾಡಲಿ? ಮೊದಲ ಮೂರು ಸೆಕೆಂಡಿನಲ್ಲಿ ಏನೂ ಆಗದಿದ್ದರೆ ನೋಡುವವರು ಹೆಬ್ಬೆರಳು ಸರಿಸಿ ಮುಂದಕ್ಕೆ ಹೋಗುತ್ತಾರೆ ಎಂಬುದು ವಿಡಿಯೋ ಮಾಡುವವರ ನಂಬಿಕೆ. ಓದುವವರಿಗೂ ಅದೇ ರೋಗ ಅಂಟಿದೆಯೆಂದು ನನ್ನ ಅನುಮಾನ. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ: ಈ ಕತೆಯಲ್ಲಿ ಒಬ್ಬನ ತಲೆಗೆ ಪೆಟ್ಟಾಗಿದೆ. ಅದನ್ನು ನೋಡಿದವನು ಇನ್ನೊಬ್ಬ. ಅವನು ಬಾಯಿ ಬಿಡುತ್ತಿಲ್ಲ.

(ಇನ್ನೂ ಇದ್ದೀರಾ? ಸರಿ.)

೨

ಮೊದಲ ಡ್ರಾಫ್ಟು ಹೀಗಿತ್ತು: "ಒಂದಾನೊಂದು ಊರಿನಲ್ಲಿ ಒಬ್ಬ ಬ್ಲಾಗಿನವನಿದ್ದನು." ಥೂ, ಅಜ್ಜಿ ಕತೆ. ಅಳಿಸಿದೆ.

ಬ್ಲಾಗಿನವನಂತೂ ಇದ್ದಾನೆ. ಆರು ವರ್ಷದಿಂದ ಊರಿನ ಫುಟ್‌ಬಾಲ್ ಲೀಗಿನ ಬಗ್ಗೆ ಬರೆಯುತ್ತಿದ್ದಾನೆ, ಪಂದ್ಯಕ್ಕೆ ಒಂದೂವರೆ ಸಾವಿರ ಪದ. ಓದುಗರು ನಲವತ್ತು. ಅವರಲ್ಲಿ ಒಬ್ಬಳು ಅವನ ಅಕ್ಕ, ಅವಳೂ ಗಂಡನ ಹೆಸರಿರುವ ಸಾಲು ಹುಡುಕಿ ಓದಿ ಫೋನು ಬದಿಗಿಡುವವಳು. ಗಂಡ, ಅಂದರೆ ಇವನ ಭಾವ, ಗೋದಾಮಿನ ನೌಕರರ ತಂಡದ ಗೋಲ್‌ಕೀಪರ್.

ಬರೆದರೆ ಯಾರು ಓದುತ್ತಾರೆ, ವಿಡಿಯೋ ಹಾಕು ಎಂದು ಎಲ್ಲರೂ ಹೇಳಿದರು. ಟ್ರೈಪಾಡ್ ಬಂತು, ಮೈಕು ಬಂತು. ಕಳೆದ ಭಾನುವಾರ ಭಾವನ ಕಾಲ ಸಂದಿಯಿಂದ ಚೆಂಡು ತೆವಳಿಕೊಂಡು ಗೋಲಿನೊಳಗೆ ಹೋಯಿತು, ಭಾವ ಬೇರೆಲ್ಲೋ ನೋಡುತ್ತ ನಿಂತಿದ್ದ. ಇವನು ಅದಕ್ಕೆ ಬಾತುಕೋಳಿಯ ಕೂಗು ಸೇರಿಸಿ, ನಿಧಾನಗತಿಯಲ್ಲಿ ಮೂರು ಸಲ ತೋರಿಸಿ, ಬ್ಲಾಗಿಗೆ ಹಾಕಿದ. ಎರಡು ದಿನದಲ್ಲಿ ಎರಡು ಲಕ್ಷ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

೩

ಮೂಲ ವಿಡಿಯೋ ಇದ್ದದ್ದು ಹತ್ತೊಂಬತ್ತು ಸೆಕೆಂಡು. ಮೊದಲ ಹನ್ನೊಂದರಲ್ಲಿ ಭಾವ ಎತ್ತರದ ಚೆಂಡಿಗೆ ಹಾರುತ್ತಾನೆ, ಗೋಲಿನ ಕಂಬಕ್ಕೆ ತಲೆ ಬಡಿಯುತ್ತದೆ, ಕೆಳಗೆ ಬೀಳುತ್ತಾನೆ. ಉಳಿದವರೆಲ್ಲ ಚೆಂಡಿನ ಹಿಂದೆ ಓಡಿದ್ದಾರೆ. ಅವನೇ ಕಂಬ ಹಿಡಿದು ಎದ್ದು ನಿಲ್ಲುತ್ತಾನೆ. ಚೆಂಡು ವಾಪಸು ಬರುತ್ತದೆ.

ಶುರುವಿನಲ್ಲೇ ನಗು ಬರಬೇಕು, ಅದಕ್ಕೆ ಇದು ಅಡ್ಡಿ ಎಂದು ನಮ್ಮ ಬ್ಲಾಗಿನವನು ಆ ಹನ್ನೊಂದು ಸೆಕೆಂಡನ್ನು ಕತ್ತರಿಸಿದ. (ಅಡ್ಡಿಯಂತೆ!)

೪

ಈಗ ಶನಿವಾರ ಮಧ್ಯಾಹ್ನ ಮೂರು ಗಂಟೆ. ಅಕ್ಕನ ಫೋನು.

"ಲೋ, ನಿಮ್ಮ ಭಾವಂಗೆ ಏನೋ ಆಗಿದೆ ಕಣೋ. ಬೆಳಿಗ್ಗೆಯಿಂದ ಎರಡು ಸಲ ಇವತ್ತು ಯಾವ ವಾರ ಅಂತ ಕೇಳಿದ್ರು. ಕಾಫಿಗೆ ಉಪ್ಪು ಹಾಕ್ಕೊಂಡು ಕುಡಿದ್ರು, ಮುಖಾನೂ ಕಿವುಚಲಿಲ್ಲ."

"ನಿದ್ದೆ ಆಗಿಲ್ವೇನೋ."

"ಬೆಳಕು ಕಂಡ್ರೆ ಕಣ್ಣು ಮುಚ್ಕೋತಾರೆ. ಆಡ್ಬೇಡಿ ಅಂದೆ. ಊರೆಲ್ಲ ನನ್ನನ್ನ ಬಾತುಕೋಳಿ ಅಂತಿದೆ, ಇವತ್ತು ಆಡಿ ತೋರಿಸ್ತೀನಿ ಅಂತ ಹೊರಟೇಬಿಟ್ರು. ನಾಲ್ಕಕ್ಕೆ ಮ್ಯಾಚು. ಹೋದ ಭಾನುವಾರ ಎಲ್ಲಾದ್ರೂ ಬಿದ್ರಾ? ನೀನಲ್ಲೇ ಇದ್ಯಲ್ಲ?"

"ಇಲ್ಲಕ್ಕ, ನಾನು ನೋಡ್ಲಿಲ್ಲ," ಎಂದ.

(ನಾನು ಬರೆದದ್ದು "ಹೌದಕ್ಕ" ಎಂದು. ಅವನು ಬದಲಾಯಿಸಿದ.)

ತಲೆಗೆ ಪೆಟ್ಟಾದವನಿಗೆ ಅದು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯ ಎಂಬುದು ಅವನಿಗೆ ಗೊತ್ತು. ಒಬ್ಬ ವೈದ್ಯರನ್ನು ಮಾತಾಡಿಸಿ ಅವನೇ ಬ್ಲಾಗಿನಲ್ಲಿ ಬರೆದಿದ್ದ. ಒಂಬತ್ತು ಜನ ಓದಿದ್ದರು.

೫

"ಹೇಳಿಬಿಡಯ್ಯಾ," ಎಂದೆ ಬ್ಲಾಗಿನವನಿಗೆ.

"ನೀವೇ ಹೇಳಿ ಸಾರ್. ಕತೆ ನಿಮ್ದು."

"ಅಕ್ಕ ನಿನ್ನವಳಲ್ವೇನಯ್ಯಾ?"

"ಅದಕ್ಕೇ ಭಯ. ಬಿದ್ದಿದ್ದು ನೋಡ್ಕೊಂಡೂ ರೆಕಾರ್ಡ್ ಮಾಡ್ತಾ ನಿಂತಿದ್ದೆ, ಆಮೇಲೆ ಅದನ್ನೇ ಕತ್ತರಿಸ್ದೆ ಅಂತ ಗೊತ್ತಾದ್ರೆ ಅವಳು ಈ ಜನ್ಮದಲ್ಲಿ ನನ್ನ ಮುಖ ನೋಡಲ್ಲ."

"ನೋಡದಿದ್ದರೆ ಬೇಡ. ಭಾವ ಉಳೀತಾನಲ್ಲ?"

ಅವನು ಉಗುರು ಕಚ್ಚಿದ. "ಏನೂ ಆಗದೇನೂ ಇರಬಹುದಲ್ವಾ ಸಾರ್?"

ಅಷ್ಟು ಹೊತ್ತಿನಿಂದ ನಾನೂ ಒಳಗೊಳಗೆ ಅದನ್ನೇ ಅಂದುಕೊಳ್ಳುತ್ತಿದ್ದೆ.

೬

ಅಂತ್ಯ ಒಂದು: ಪೂರ್ತಿ ಹತ್ತೊಂಬತ್ತು ಸೆಕೆಂಡನ್ನು ಬ್ಲಾಗಿಗೆ ಹಾಕಿದ. ಹದಿನಾಲ್ಕು ಜನ ನೋಡಿದರು. ತಂಡದವರು ಯಾರೂ ನೋಡಲಿಲ್ಲ, ಅವರು ಬೂಟು ಕಟ್ಟಿಕೊಳ್ಳುತ್ತಿದ್ದರು.

ಅಂತ್ಯ ಎರಡು: ಭಾವನಿಗೆ ಫೋನು ಮಾಡಿದ. "ಏನಪ್ಪಾ ಡೈರೆಕ್ಟರೇ, ಇವತ್ತಾದ್ರೂ ಚೆನ್ನಾಗಿ ತೆಗಿ," ಎಂದು ಭಾವ ನಕ್ಕು ಇಟ್ಟುಬಿಟ್ಟ.

ಅಂತ್ಯ ಮೂರು: ಓಡಿದ. ಮೈದಾನ ಮುಟ್ಟಿದಾಗ ನಾಲ್ಕಕ್ಕೆ ಎರಡು ನಿಮಿಷ. ಭಾವ ಗೋಲಿನಲ್ಲಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ, ಬಿಸಿಲು ಅವನ ಬೆನ್ನಿಗಿತ್ತು. ಬೇಲಿ ಹಿಡಿದು ಇವನು "ಭಾವಾ!" ಎಂದು ಕಿರುಚಿದ. ಸಾವಿರ ಜನ ಒಟ್ಟಿಗೆ ಬಾತುಕೋಳಿಯ ಹಾಗೆ ಕೂಗುತ್ತಿದ್ದರು. ಅವನ ದನಿ ಅವನಿಗೇ ಕೇಳಿಸಲಿಲ್ಲ.

೭

ಇಲ್ಲಿ ಅಕ್ಕ ಬರುವುದು ನನ್ನ ಯೋಜನೆಯಲ್ಲಿರಲಿಲ್ಲ. ಬಂದು ನನ್ನ ಮೇಜಿನ ಮುಂದೆ ನಿಂತಳು.

"ಬರೆಯೋರು ನೀವೇ ತಾನೇ? ಎಲ್ಲಾ ಕೇಳಿಸ್ಕೊಂಡೆ. ಅವನನ್ನ ಆಮೇಲೆ ವಿಚಾರಿಸ್ಕೋತೀನಿ. ಮೊದ್ಲು ಇವ್ರು ಮನೆಗೆ ಬಂದ್ರು ಅಂತ ಬರೀರಿ. ಒಂದು ಸಾಲು, ನಿಮಗೇನು ಕಷ್ಟ?"

ಬರೆದೆ. ಆರು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಭಾವ ಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲಾಚೆ ನಿಂತಿದ್ದ. ನಡೆದೇ ಬಂದಿದ್ದ.

ಅಕ್ಕ ಅಳುತ್ತಲೇ ನಕ್ಕಳು. ಆಮೇಲೆ ನಗು ನಿಂತಿತು.

"ಒಳಗೆ ಯಾಕೆ ಬರ್ತಿಲ್ಲ? ನನ್ನನ್ನ ಯಾಕೆ ಹಾಗೆ ನೋಡ್ತಿದಾರೆ?"

ನನಗೆ ಗೊತ್ತಿಲ್ಲ. ಭಾವ ಏನೋ ಹೇಳಲು ಬಾಯಿ ತೆರೆದಿದ್ದಾನೆ. ಅವನ ಬಾಯಿಂದ ಬರುವುದು ಅವಳ ಹೆಸರೋ, ನೀವು ಯಾರು ಎಂಬ ಪ್ರಶ್ನೆಯೋ.

"ಬರೀರಿ ಸ್ವಾಮಿ," ಎಂದಳು ಅಕ್ಕ. ತಕ್ಷಣ ನನ್ನ ಕೈ ಹಿಡಿದುಕೊಂಡಳು. "ಬೇಡ, ಬರೀಬೇಡಿ. ಸ್ವಲ್ಪ ಹೊತ್ತು ಹೀಗೇ ಇರ್ಲಿ."