ವಾಚು ರಿಪೇರಿಗೆ ಹೋದ ನರಸಪ್ಪ

ಡಾಕ್ಟರಿಗೆ ತೋರಿಸು ಅಂತ ಗಂಡನಿಗೆ ಹೇಳಿ ಹೇಳಿ ಮಂಗಮ್ಮನಿಗೆ ಸಾಕಾಗಿತ್ತು. ಒಂದು ತಿಂಗಳಿಂದ ನರಸಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತರುವಷ್ಟರಲ್ಲಿ ಮೂರು ಕಡೆ ಕೂರುತ್ತಿದ್ದ. ಎದೆಯೊಳಗೆ ಪಟಪಟ ಅಂತದೆ ಅಂತ ಒಂದು ದಿನ ಬಾಯಿಬಿಟ್ಟ. ಆಮೇಲೆ ಕೇಳಿದರೆ ಗ್ಯಾಸು ಅಂದ. ಅರವತ್ತೇಳು ವರ್ಷದಲ್ಲಿ ಅವನು ಒಪ್ಪಿಕೊಂಡ ಕಾಯಿಲೆ ಅದೊಂದೇ. ಹಲ್ಲುನೋವನ್ನೂ ಅದರ ಮೇಲೇ ಹಾಕಿದ್ದವನು.

ಗೌರಿಬಿದನೂರಿನಲ್ಲಿ ಟೀಚರಾಗಿರುವ ಮಗಳು ಪ್ರಿಯಾಂಕ ಬಂದು, ನಾಡಿ ನೋಡುವ ವಾಚೊಂದನ್ನು ಅಪ್ಪನ ಕೈಗೆ ಕಟ್ಟಿ ಹೋದಳು. ಎರಡು ವಾರ ಅವನು ಅದನ್ನು ಊರಿಗೆಲ್ಲ ತೋರಿಸಿದ. ಮೂರನೇ ವಾರ ವಾಚು ನಡುಗಿತು. ನಾಡಿಯ ತಾಳ ತಪ್ಪಿದಂತಿದೆ, ಡಾಕ್ಟರನ್ನು ಕಾಣಿ ಅಂತ ಫೋನಿನಲ್ಲಿ ಸಂದೇಶ ಬಂತು. ಮಾರನೇ ದಿನವೂ ಅದೇ.

ಆಸ್ಪತ್ರೆಗೆ ಹೋಗಣ ಅಂತ ಮಂಗಮ್ಮ ಹೊರಟಳು. ನರಸಪ್ಪನೂ ತಕರಾರಿಲ್ಲದೆ ಶರ್ಟು ಬದಲಿಸಿದ. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಶಿಡ್ಲಘಟ್ಟದಲ್ಲಿ ಬಸ್ಸಿಳಿದವನು ಸೀದಾ ಹೋದದ್ದು ಮುನಿನಾರಾಯಣಪ್ಪನ ಗಡಿಯಾರದ ಅಂಗಡಿಗೆ. ವಾಚು ಕೆಟ್ಟೈತೆ, ನೋಡಪ್ಪ ಅಂದ.

"ಹುಳ ಒಂದೊತ್ತು ಸೊಪ್ಪು ಬಿಟ್ರೆ ರೇಷ್ಮೆ ಇಲಾಖೆಗೆ ಫೋನ್ ಹಾಕ್ತೀಯ," ಅಂದಳು ಮಂಗಮ್ಮ. "ನಿನ್ನ ಎದೆ ಕೆಟ್ರೆ ವಾಚು ರಿಪೇರಿ."

ಮುನಿನಾರಾಯಣಪ್ಪ ನಲವತ್ತು ವರ್ಷ ಟಿಕ್‌ಟಿಕ್ ಕೇಳಿದವನು. ವಾಚನ್ನು ಪಕ್ಕಕ್ಕಿಟ್ಟು ನರಸಪ್ಪನ ಮಣಿಕಟ್ಟಿನ ಮೇಲೆ ಬೆರಳಿಟ್ಟ. ಒಂದು ನಿಮಿಷ ಗೋಡೆ ಗಡಿಯಾರವನ್ನೇ ನೋಡಿದ. ಮುಖದ ನಗು ಹೋಯಿತು.

"ನರಸಪ್ಪಣ್ಣ, ವಾಚು ನೆಟ್ಟಗೈತೆ. ಕೆಟ್ಟಿರೋದು ಎದೆ ಒಳಗಿಂದು. ಅದನ್ನ ನಾನು ಬಿಚ್ಚಕ್ಕಾಗಲ್ಲ." ವಾಚನ್ನು ಹಿಂದಕ್ಕೆ ಕೊಟ್ಟು ಹೇಳಿದ: "ನಮ್ಮಣ್ಣ ನಲ್ಲಪ್ಪನೂ ಪಟಪಟ ಅಂದ್ರೆ ಗ್ಯಾಸು ಅಂತಿದ್ದ. ಈಗ ಬಲಗೈ ಏಳಲ್ಲ, ಮಾತೂ ಇಲ್ಲ."

ನರಸಪ್ಪ ವಾಚನ್ನು ಕೈಗೆ ಕಟ್ಟಿಕೊಂಡು ಆಸ್ಪತ್ರೆಯ ಕಡೆ ನಡೆದ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಡಾಕ್ಟರ್ ಶಿರೀಷಾ ವಾಚಿನ ಅನುಮಾನ ನಿಜ ಅಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಬಡಿಯದೆ ನಡುಗುತ್ತಿವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ. ಹೆಪ್ಪುಗಟ್ಟದಂತೆ ಮಾತ್ರೆ ಬರೆದರು.

ಇಷ್ಟು ಚಿಕ್ಕ ವಾಚಿಗೆ ಹೇಗೆ ಗೊತ್ತಾಯಿತು ಅಂತ ನರಸಪ್ಪ ಕೇಳಿದ. ಸಾವಿರಾರು ಜನರ ನಾಡಿಯ ಗುರುತು ನೋಡಿ ಕಲಿತ ಕೃತಕ ಬುದ್ಧಿಮತ್ತೆ ಅದರಲ್ಲಿದೆ, ಆದರೂ ಒಮ್ಮೊಮ್ಮೆ ತಪ್ಪುತ್ತದೆ ಅಂದರು ಡಾಕ್ಟರ್. "ನಾಯಿ ಬೊಗಳಿದ ಮಾತ್ರಕ್ಕೆ ಕಳ್ಳ ಬಂದ ಅಂತಲ್ಲ ಅಜ್ಜ. ಎದ್ದು ನೋಡ್ಬೇಕು ಅಂತ."

ಹೊರಡುವಾಗ ನರಸಪ್ಪ, ಹಂಗೇ ಗ್ಯಾಸಿಗೂ ಒಂದು ಬರೀರಿ ಅಂದ. ಮಂಗಮ್ಮ ಹಣೆ ಚಚ್ಚಿಕೊಂಡಳು.

ಈಗ ನರಸಪ್ಪ ಮಾತ್ರೆ ತಪ್ಪಿಸುವುದಿಲ್ಲ. ಊರಲ್ಲಿ ಯಾರು ಏದುಸಿರು ಬಿಟ್ಟರೂ ತಾನೇ ಮಣಿಕಟ್ಟು ಹಿಡಿದು, ಗ್ಯಾಸು ಅಂದವರಿಗೆ ಬೈಯುತ್ತಾನೆ. ಮಂಗಮ್ಮ ಬಹಳ ಕಷ್ಟಪಟ್ಟು ನಗು ತಡೆಯುತ್ತಾಳೆ.

ನಿಮ್ಮ ಮನೆಯಲ್ಲೂ ಒಬ್ಬ ನರಸಪ್ಪ ಇರಬಹುದು. ವಾಚು ಎಚ್ಚರಿಸಿದರೆ ಅದರ ಜೊತೆ ವಾದ ಬೇಡ, ಇಸಿಜಿ ಮಾಡಿಸಿ. ವಾಚಿಲ್ಲವೇ, ಎರಡು ಬೆರಳು ಸಾಕು: ಒಂದು ನಿಮಿಷ ನಾಡಿ ನೋಡಿ, ತಾಳ ತಪ್ಪಿದ್ದರೆ ಆಸ್ಪತ್ರೆಗೆ ಹೋಗಿ. ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ವಾಚು ಸುಮ್ಮನಿದ್ದರೂ ನೀವು ಸುಮ್ಮನಿರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಡಾಕ್ಟರ ಮಾತಿನ ಮೇಲೆ ಮಾತ್ರ.

ಗಡಿಯಾರದ ಅಂಗಡಿ ಎಲ್ಲಿಗೂ ಹೋಗುವುದಿಲ್ಲ. ಮೊದಲು ಆಸ್ಪತ್ರೆಗೆ ನಡೆಯಿರಿ.