ಬೀಗದೊಳಗಿನ ಇಕ್ಕಳ

ಹೆಡ್‌ಮಾಸ್ಟರು ತಮ್ಮ ಕರವಸ್ತ್ರದಿಂದಲೇ ಕುರ್ಚಿ ಒರೆಸಿ ನನ್ನನ್ನು ಕೂರಿಸಿದರು. ಒಳ್ಳೆಯವರು ಅಂದುಕೊಂಡೆ. ಆ ಅಭಿಪ್ರಾಯ ಬಹಳ ಹೊತ್ತು ಬಾಳಲಿಲ್ಲ.

ಮಗಳಿಗೆ ರಜೆ ಸಿಗದೆ, ಮೊಮ್ಮಗಳ ಜೊತೆ ಶಾಲೆಗೆ ನಾನೇ ಹೋಗಿದ್ದೆ. ಅಲ್ಲಿ ಹತ್ತನೇ ತರಗತಿಯವರಿಗೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಕಲಿಸುತ್ತಾರೆ. ಅವತ್ತು ಕಂಪ್ಯೂಟರುಗಳಿಗೆ ಕೇಬಲ್ ಎಳೆದುಕೊಡುವ ಕಂಪನಿಯವರೊಬ್ಬರು ಬಂದು, ಮಕ್ಕಳು ಮಾಡಿದ ಕೇಬಲ್ ನೋಡಿ, ಒಬ್ಬರನ್ನು ರಜೆಯ ತರಬೇತಿಗೆ ಆರಿಸಿಕೊಳ್ಳುವುದಿತ್ತು. ಆ ಜಾಗದ ಮೇಲೆ ನಮ್ಮ ಹುಡುಗಿ ಜೀವವನ್ನೇ ಇಟ್ಟುಕೊಂಡಿದ್ದಳು.

ಕೇಬಲ್ಲಿನ ತುದಿಗೆ ಪ್ಲಗ್ ಕೂರಿಸಲು ಒಂದು ಬಗೆಯ ಇಕ್ಕಳ ಬೇಕು. ಇಡೀ ಶಾಲೆಗೆ ಇದ್ದದ್ದು ಒಂದೇ. ಸವೆದೀತೆಂದು ಹೆಡ್‌ಮಾಸ್ಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಮಕ್ಕಳು ವರ್ಷವಿಡೀ ಬರಿಗೈಯಲ್ಲಿ ಗಾಳಿ ಹಿಸುಕಿ ಕಲಿತರು. ನಮ್ಮವಳು ಮಾತ್ರ ನನ್ನ ಹೊಲಿಗೆ ಯಂತ್ರದ ಪುಟ್ಟ ಸ್ಕ್ರೂಡ್ರೈವರ್ ಹಿಡಿದು, ಪ್ಲಗ್ಗಿನ ಎಂಟೂ ಪಿನ್ನುಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದಳು. ಬೆರಳು ಬೊಬ್ಬೆ ಎದ್ದಿತ್ತು.

ಹೆಡ್‌ಮಾಸ್ಟರು ಅಂಗಡಿಯಿಂದ ತಂದ ಕೇಬಲ್ಲುಗಳ ಕವರ್ ಹರಿದು, ಪ್ರತಿ ಮಗುವಿನ ಮುಂದೂ ಒಂದೊಂದು ಇಟ್ಟರು. ಇವಳು ಮಾಡಿದ್ದನ್ನು, ಸತ್ತ ಹಲ್ಲಿ ಎತ್ತುವ ಹಾಗೆ, ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು.

“ಸೊಟ್ಟಗಿದೆ ಪುಟ್ಟಿ. ಬಂದೋರ ಮುಂದೆ ನಮ್ಮ ಮಾನ ಹೋಗುತ್ತೆ.”

ಕಂಪನಿಯವರು ಬಂದರು. ಅವರು ಕೇಳಿದಾಗ ಮಕ್ಕಳೆಲ್ಲ ತಾವೇ ಮಾಡಿದ್ದು ಅಂದರು. ನಮ್ಮವಳ ಸರದಿ ಬಂದಾಗ ಹೆಡ್‌ಮಾಸ್ಟರ ಕೈ ಅವಳ ಹೆಗಲ ಮೇಲೆ ಬಂದು ಕೂತಿತು.

“ಇದು ನೀನೇ ಮಾಡಿದ್ದಾ?”

“ಇಲ್ಲ ಸರ್. ನಂದು ಕಸದ ಬುಟ್ಟಿಲಿದೆ.”

ಯಾರಾದರೂ ತನ್ನಿ ಎಂದರು ಕಂಪನಿಯವರು. ಪಕ್ಕದ ಬೆಂಚಿನ ಕನ್ನಡಕದ ಹುಡುಗಿ ಬುಟ್ಟಿಗೆ ಕೈಹಾಕಿ ತೆಗೆದು, ತನ್ನ ಸಮವಸ್ತ್ರಕ್ಕೇ ಒರೆಸಿ ಕೊಟ್ಟಳು. ಪರೀಕ್ಷಿಸುವ ಡಬ್ಬಿಗೆ ಸಿಕ್ಕಿಸಿದಾಗ ಎಂಟೂ ತಂತಿ ಸರಿ ಕೂತಿವೆ ಎಂದು ಎಂಟೂ ದೀಪಗಳು ಸಾಲಾಗಿ ಹತ್ತಿದವು.

ಕಂಪನಿಯವರು ನಕ್ಕರು. ಅವರನ್ನು ನೋಡಿ ಹೆಡ್‌ಮಾಸ್ಟರೂ ನಕ್ಕರು. ಮಕ್ಕಳ ಮುಂದಿದ್ದದ್ದು ಅಂಗಡಿಯ ಸರಕು ಎಂದು ಕಂಪನಿಯವರಿಗೆ ಮೊದಲೇ ಗೊತ್ತಿತ್ತಂತೆ. ಹೋದಲ್ಲೆಲ್ಲ ಇದೇ ಕತೆಯಂತೆ. ಆಮೇಲೆ ನನ್ನ ಕಡೆ ಬಾಗಿದರು.

“ಕೈ ಚುರುಕಾಗಿದೆ ಅಮ್ಮ. ಬಾಯಿ ಇನ್ನೂ ಚುರುಕು. ಗಿರಾಕಿ ಮುಂದೆ ಹಿಂಗೆಲ್ಲ ಒದರಿಬಿಟ್ರೆ ನಮ್ಮ ಗತಿ ಏನು?”

ಆರಿಸಿಕೊಂಡದ್ದು ಕನ್ನಡಕದ ಹುಡುಗಿಯನ್ನು. ಹೇಳಿದ ಮಾತು ಕೇಳುವವಳು ಎಂದು.

ಮೋಸಕ್ಕಿಂತ ಆ ನಗು ಹೆಚ್ಚು ಹೇಸಿಗೆ ತಂದಿತ್ತು. ಹೆಡ್‌ಮಾಸ್ಟರು ಅದೇ ಎರಡು ಬೆರಳಲ್ಲಿ ನನಗೊಂದು ಬಿಸ್ಕತ್ತು ನೀಡಿದರು.

“ಕೈ ತೊಳ್ಕೊಂಡು ಬನ್ನಿ,” ಎಂದೆ.

ಬುಟ್ಟಿ ಮುಟ್ಟಿದ್ದಕ್ಕೆ ಹೇಳಿದೆನೆಂದುಕೊಂಡು, ಪಾಪ, ತೊಳೆದುಕೊಂಡೇ ಬಂದರು. ಆದರೂ ನಾನು ತೆಗೆದುಕೊಳ್ಳಲಿಲ್ಲ.

ಉಳಿದವರೆಲ್ಲ ಫೋಟೋಗೆಂದು ಅಂಗಳಕ್ಕೆ ಹೋದಾಗ ಕನ್ನಡಕದ ಹುಡುಗಿ ನಮ್ಮಿಬ್ಬರ ಜೊತೆ ಹಿಂದೆ ಉಳಿದಳು. ಬೆಂಚಿನ ಬಳಿ ನಿಂತು, ತಾನು ಒಂದು ಪ್ಲಗ್ಗನ್ನೂ ಕೂರಿಸಿದವಳಲ್ಲ, ತರಬೇತಿಗೆ ಹೋಗಿ ಏನು ಮಾಡಲಿ ಎಂದು ನಮ್ಮವಳನ್ನು ಕೇಳಿದಳು. ಕಣ್ಣು ತುಂಬಿತ್ತು. ನಮ್ಮವಳು ಮುಖ ತಿರುಗಿಸಿಕೊಂಡಳು. ಆಮೇಲೆ ಸರಿದು ಜಾಗ ಕೊಟ್ಟು, ಚೀಲದಿಂದ ನನ್ನ ಸ್ಕ್ರೂಡ್ರೈವರ್ ತೆಗೆದಳು.

“ಮೊದ್ಲು ಬಿಳಿ-ಕಿತ್ತಳೆ ತಂತಿ,” ಎಂದಳು, ಇನ್ನೂ ಅವಳ ಮುಖ ನೋಡದೆ.