ಐವತ್ತು ಕಿಲೊ ನೀರು

ತಬುವಾಯೆರಾನ್ ದ್ವೀಪದ ಹಿನ್ನೀರಿನಲ್ಲಿ ನಾವು ಕಡಲಪಾಚಿ ಬೆಳೆಸುತ್ತೇವೆ. ಅಂದು ಬೆಳಗ್ಗೆ ನೂರು ಕಿಲೊ ಹಸಿ ಪಾಚಿ ತೂಗಿ, ತೇವ ಅಳೆದು, ಅಟ್ಟಣೆಯ ಮೇಲೆ ಒಣಗಲು ಹರಡಿದೆವು. ನನ್ನ ಗಂಡ ಕೈತಾರಾ ಕಾವಲಿಗೆ ಕೂತ. ಅವನ ಅಣ್ಣ ತೆಬಾನೊ ಮೀನಿಗೆ ಹೋದ.

ಸಂಜೆ ಬಂದ ತೆಬಾನೊ ತೇವ ಅಳೆಯುವ ಯಂತ್ರದ ಕಡ್ಡಿ ಚುಚ್ಚಿ ನೋಡಿದ. ಆಮೇಲೆ ಪಾಚಿಯನ್ನು ತೂಗಿದ. ಅವನ ಮುಖ ಗಂಟಿಕ್ಕಿತು.

"ಬೆಳಗ್ಗೆ ನೂರಕ್ಕೆ ತೊಂಬತ್ತು ನೀರು. ಈಗ ಎಂಬತ್ತು. ಹೋಗಿದ್ದು ಹತ್ತೇ, ತೊಂಬತ್ತು ಕಿಲೊ ಇರ್ಬೇಕು. ತೂಕ ನೋಡಿದ್ರೆ ಐವತ್ತೇ ಕಿಲೊ. ಮಿಕ್ಕಿದ್ದು ಯಾರ ಮನೆಗೆ ಹೋಯ್ತೋ?"

"ನಾನೇನು ಆಮೆಯೇನಣ್ಣ, ಪಾಚಿ ಮೇಯೋಕೆ?" ಎಂದ ಕೈತಾರಾ. ನಗಲಿಲ್ಲ. ಎದ್ದು ನೀರಿನತ್ತ ಹೋಗಿಬಿಟ್ಟ.

ಗಂಡನ ಮೇಲೆ ಕಳ್ಳತನದ ಮಾತು ಬಂದದ್ದು ನನಗೆ ಸಹಿಸಲಾಗಲಿಲ್ಲ. ಆದರೆ ಲೆಕ್ಕ ನನಗೂ ಹೊಂದುತ್ತಿರಲಿಲ್ಲ. ಒಂದು ಕರಿ ಚಿಪ್ಪು, ಒಂಬತ್ತು ಬಿಳಿ ಹವಳದ ಚೂರು ಆರಿಸಿ ಚಾಪೆಯ ಮೇಲಿಟ್ಟೆ.

"ಬನ್ನಿ ಭಾವ, ಕೂತ್ಕೊಳ್ಳಿ. ಒಂದೊಂದೂ ಹತ್ತು ಕಿಲೊ ಅನ್ಕೊಳ್ಳಿ. ಕರೀದು ಪಾಚಿಯ ಸತ್ವ, ಬಿಳೀದು ನೀರು. ಬಿಸಿಲಿಗೆ ಕರೀದು ಹಾರಿ ಹೋಗುತ್ತಾ?"

"ಅದೆಲ್ಲಿಗೆ ಹೋಗುತ್ತೆ?"

"ಹಾಗಾದ್ರೆ ಬಿಳೀದನ್ನ ತೆಗೀತಾ ಬನ್ನಿ. ನೂರಕ್ಕೆ ಎಂಬತ್ತು ಅಂದ್ರೆ ಐದರಲ್ಲಿ ನಾಲ್ಕು ನೀರು. ಅಲ್ಲಿಗೆ ನಿಲ್ಲಿಸಿ."

ಅವನು ಒಂದು ಚೂರು ತೆಗೆದ. ಒಂದು ಕರಿ, ಎಂಟು ಬಿಳಿ. ಇನ್ನೂ ಆಗಲಿಲ್ಲ. ಮತ್ತೊಂದು, ಮಗದೊಂದು ತೆಗೆಯುತ್ತ ಹೋದ. ಒಂದು ಕರಿಗೆ ನಾಲ್ಕು ಬಿಳಿ ಉಳಿಯುವ ಹೊತ್ತಿಗೆ ಅವನ ಅಂಗೈಯಲ್ಲಿ ಐದು ಚೂರು ಕೂತಿದ್ದವು. ಚಾಪೆಯ ಮೇಲೆ ಅರ್ಧವೇ ಉಳಿದಿತ್ತು.

ಇಬ್ಬರಿಗೂ ಆಗ ಹೊಳೆಯಿತು. ತೊಂಬತ್ತು ಬೆಳಗಿನ ರಾಶಿಯದು, ಎಂಬತ್ತು ಸಂಜೆಯ ರಾಶಿಯದು. ರಾಶಿಯೇ ಬೇರೆಯಾದ ಮೇಲೆ ಒಂದರಲ್ಲಿ ಇನ್ನೊಂದನ್ನು ಕಳೆಯುವುದು ಹೇಗೆ?

"ಐವತ್ತು ಕಿಲೊ ನೀರು," ಎಂದ ತೆಬಾನೊ ಮೆಲ್ಲಗೆ. "ಇಬ್ಬರು ಸೇರಿ ಹೊರೋವಷ್ಟು. ನಮ್ಮ ತಲೆ ಮೇಲೇ ಹಾದು ಹೋಯ್ತಲ್ಲ ರೋತಿಯಾ, ಒಂದು ಸದ್ದೂ ಇಲ್ಲದೆ."

ತಲೆ ಎತ್ತಿದೆವು. ಒಂದು ಚೂರು ಮೋಡವೂ ಇರಲಿಲ್ಲ. ಅಷ್ಟು ನೀರನ್ನು ಹೊತ್ತ ಆಕಾಶ ಏನೂ ಹೊರದಂತೆ ನಿಂತಿತ್ತು.

ತೆಬಾನೊ ನೀರಿಗಿಳಿದು ತಮ್ಮನ ಬಳಿ ಹೋದ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ತುಸು ಹೊತ್ತಿಗೆ ಇಬ್ಬರೂ ಸೇರಿ ಪಾಚಿಯ ಹಗ್ಗ ಎಳೆಯುತ್ತಿದ್ದರು.

ಮರುದಿನ ಮಧ್ಯಾಹ್ನ ತೆಬಾನೊ ಮೀನಿಗೆ ಹೋಗಲಿಲ್ಲ. ಅಟ್ಟಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೇಲೇರುವ ನೀರು ಕೈಗೆ ತಾಗೀತೇನೋ ಎಂಬಂತೆ ಒಣಗುವ ಪಾಚಿಯ ಮೇಲೆ ಅಂಗೈ ಚಾಚಿ, ಕಣ್ಣು ಮುಚ್ಚಿದ್ದ.